ಹಸಿ ಕೌದಿಯ ಹಗ್ಗ

ಹಗ್ಗ ಹರಿದು ಹಸಿ ಕೌದಿ ಚಾಳಿನ ಗ್ಯಾಲರಿಯಲ್ಲಿ ಧೊಪ್ಪೆಂದು ಬಿದ್ದಾಗ ನಾನು ಒಳಗೆ ಕೂತು ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಬಿಡಿಸುತ್ತಿದ್ದೆ. ಇಂಜಿನಿಯರಿಂಗ್ ಸೇರಿ ಇನ್ನೂ ತಿಂಗಳಾಗಿಲ್ಲ. ವಸ್ತುವನ್ನು ಸುತ್ತಲಿನದರಿಂದೆಲ್ಲ ಬಿಡಿಸಿ ಒಂಟಿಯಾಗಿ ನಿಲ್ಲಿಸಿ, ಅದನ್ನು ಯಾರು ಯಾವ ಕಡೆ ಎಳೆಯುತ್ತಾರೆಂದು ಬಾಣ ಹಾಕಿ ಅಂತ ಮೆಕ್ಯಾನಿಕ್ಸ್ ಸರ್ ಹೇಳಿದ್ದರು. ಕೇಳಿ ಮೈ ಜುಮ್ಮೆಂದಿತ್ತು. ಅಜ್ಜಿಯ ಕಥೆಯಲ್ಲಿ ರಾಜಕುಮಾರಿಯನ್ನು ಕಾಡಿನಲ್ಲಿ ಒಂಟಿಯಾಗಿ ಬಿಡುವುದೂ ಅವಳನ್ನು ಯಾರು ಯಾವ ಕಡೆ ಎಳೆಯುತ್ತಾರೆಂದು ನೋಡಲಿಕ್ಕೇ ಅಲ್ಲವೇ!

"ಅಯ್ಯ ಶಿವನ! ಸಂಜೀಕ ಬಸ್ಸದ. ಇದು ಒಣಗೂದು ಯಾವಾಗ?" ಅಜ್ಜಿ ಕಾಶವ್ವ ಹಣೆ ಬಡಿದುಕೊಂಡಳು.

ನಾಳೆ ಜಮಖಂಡಿಯಲ್ಲಿ ಶಿವಕಾಂತಾ ಅತ್ತೆಯ ಕೂಸಿನ ತೊಟ್ಟಿಲ ಕಾರ್ಯ. ತಾಯಿ-ಕೂಸಿಗೆಂದು ಅಜ್ಜಿ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿಯ ಮೇಲೆ ನನ್ನ ತಮ್ಮ ಸಂಜು ಚಹಾ ಚೆಲ್ಲಿದ್ದ. ತೊಳೆಯದೆ ಗತಿಯಿರಲಿಲ್ಲ.

"ಹಗ್ಗ ಸಡ್ಲಿತ್ತು, ಅದಕ್ಕ ಹರೀತು," ಎಂದು ಸಂಜು ಬೇರೆ ಹಗ್ಗ ತಂದು ತಂತಿಯಂತೆ ಬಿಗಿಯತೊಡಗಿದ. ಇನ್ನೊಮ್ಮೆ ಬಿದ್ದರೆ ಮತ್ತೆ ತೊಳೆಯಬೇಕು. ಆಮೇಲೆ ಬಸ್ಸಿಗೆ ಒಣ ಕೌದಿ ಇಲ್ಲ.

ನನ್ನ ಕಣ್ಣೆದುರು ಕೌದಿ ಒಂಟಿಯಾಗಿ ನಿಂತಿತು. ಭಾರ ಕೆಳಗೆ ಎಳೆಯುತ್ತಿದೆ. ಅತ್ತಿತ್ತಲ ಹಗ್ಗವೋ ಪಕ್ಕಕ್ಕೇ ಎಳೆಯುತ್ತಿದೆ. ಮೇಲೆತ್ತುವವರು ಯಾರು? ಬಾಣ ಓರೆಯಾಗಿ ಮೇಲಕ್ಕೆ ತಿರುಗಬೇಕಾದರೆ ಹಗ್ಗ ಜೋತುಬೀಳಬೇಕು.

"ಸಡ್ಲ ಬಿಡೋ ಅದನ್ನ!" ಎಂದು ಚೀರಿದೆ.

"ಸಡ್ಲ ಬಿಟ್ರ ಗಟ್ಟಿ ಹಿಡೀತದೇನ? ಅಜ್ಜಿ, ಇಕೀ ಫೀ ದಂಡ ನೋಡು!"

ಹರಿದ ಹಗ್ಗದ ಉದ್ದನೆಯ ತುಂಡಿನ ನಡುವೆ ನೀರಿನ ಬಕೀಟು ತೂಗಿಸಿ, ಒಂದು ತುದಿ ಅವನ ಕೈಗೆ ಕೊಟ್ಟೆ, ಇನ್ನೊಂದು ನಾನು ಹಿಡಿದೆ. "ಎಳಿ. ನೆಟ್ಟಗ ಆಗಬೇಕು."

ಎಳೆದ. ಮುಖ ಕೆಂಪಾಯಿತು, ಹಗ್ಗ ನೆಟ್ಟಗಾಗಲಿಲ್ಲ. ಇಬ್ಬರೂ ಹತ್ತಿರ ಬಂದು ಹಗ್ಗ ಜೋತುಬಿಟ್ಟಾಗ ಅವನ ತೋಳು ಹಗುರಾಯಿತು.

"ಏ, ಹೌದಲ್ಲ!"

"ಒಂದು ಬಕೀಟಿಗೇ ನೀ ಬೆವತಿ. ಹಗ್ಗ ಪಾಪ ಏನ ಮಾಡಬೇಕು?"

"ಕೌದಿ ನೆಲಕ್ಕ ತಾಗಿದ್ರ ನಿನ್ನ ಕಾಲೇಜ್ ಬಂದ್!" ಎಂದಳು ಅಜ್ಜಿ.

ಸಂಜು ಮೊಳೆಗೆ ಸುತ್ತಿದ್ದ ಹಗ್ಗ ಬಿಚ್ಚಿ ಸಡಿಲ ಕಟ್ಟಿ ಕೌದಿ ಹಾಕಿದೆವು. ಕೌದಿ ಇಳಿಯಿತು, ಇಳಿಯಿತು... ನೆಲಕ್ಕೆ ಗೇಣು ಮೇಲೆ ನಿಂತಿತು. ಉಸಿರು ಬಿಟ್ಟೆ. ಮಧ್ಯಾಹ್ನದ ಬಿಸಿಲಿನಲ್ಲಿ ಗಾಳಿ ಬೀಸಿದಾಗಲೂ ಹಗ್ಗ ಉಯ್ಯಾಲೆಯಾಡಿತೇ ಹೊರತು ಹರಿಯಲಿಲ್ಲ.

ಸಂಜೆ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಅಜ್ಜಿಯನ್ನು ಹತ್ತಿಸಿ ನಾನು ಕೆಳಗಿಳಿದೆ. ಬೆಚ್ಚಗಿನ ಕೌದಿ ತೊಡೆಯ ಮೇಲಿಟ್ಟುಕೊಂಡ ಅಜ್ಜಿ ಪಕ್ಕದ ಸೀಟಿನವಳಿಗೆ ಆಗಲೇ ಶುರುಮಾಡಿದ್ದಳು: "ಒಬ್ಬಾಕಿ ರಾಜಕುಮಾರಿ ಇದ್ಳರೀ, ಹಗ್ಗದ ಸಂಕಟ ಆಕೀಗೊಬ್ಬಾಕಿಗೇ ತಿಳೀತಿತ್ತು..."

ಬಸ್ಸು ಹೊರಟಿತು. ಕಥೆ ಕೇಳಲು ಕಿಟಕಿಯ ಜೊತೆಗೇ ಓಡಿದೆ.