ಐದನೆಯ ಕೆಮ್ಮು

"ಹತ್ತಿತಾ ದೀಪ?" ತಂಗಿ ಮೇಜಿನ ಕೆಳಗಿನಿಂದಲೇ ಕೇಳಿದಳು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅಕ್ಕನ ಕಂಪ್ಯೂಟರಿನ ವೈರನ್ನು ಗೋಡೆಗೆ ಸಿಕ್ಕಿಸುತ್ತಿದ್ದಳು.

"ಹತ್ತಿತು, ಹತ್ತಿತು. ಈಗಾದ್ರೂ ಹೊರಗೆ ಬನ್ನಿ ತಂಗ್ಯಮ್ಮ," ಎಂದರು ಲಾಂಡ್ರಿಯ ಯಜಮಾನರು. "ಜನ ಬರ್ತಿದ್ದಾರೆ. ಅಕ್ಕ ಹಜಾರದಲ್ಲಿ, ತಂಗಿ ಮೇಜಿನ ಕೆಳಗೆ ಅಂದ್ರೆ ಏನಂದ್ಕೋತಾರೆ?"

ಅಕ್ಕ ಹಜಾರದಲ್ಲಿ ಹೊಸ ಶಾಲು ಹೊದ್ದು ಮಲಗಿದ್ದಳು. ನಿನ್ನೆ ಬೆಳಿಗ್ಗೆ ಇದೇ ಕಂಪ್ಯೂಟರಿನ ಮುಂದೆ ಕೂತು, ಲೋಟದಲ್ಲಿ ಅರ್ಧ ಕಾಫಿ ಇನ್ನೂ ಉಳಿದಿರುವಾಗಲೇ ಹೋಗಿಬಿಟ್ಟಿದ್ದಳು. ಹತ್ತು ವರ್ಷದಿಂದ ಸತಾಯಿಸುತ್ತಿದ್ದ ಹೃದಯ ಅರವತ್ತೊಂಬತ್ತಕ್ಕೆ ಸಾಕೆಂದಿತು. ಡಾಕ್ಟರು, ನೋವು ತಿಳಿದಿರಲಿಕ್ಕಿಲ್ಲ ಎಂದಿದ್ದರು. ನಾಲ್ಕು ಗಂಟೆಗೆ ಗಾಡಿ ಬರುವುದಿತ್ತು, ಈಗ ಹನ್ನೆರಡು.

"ಅಷ್ಟು ಅವಸರದ ಕೆಲಸ ಏನಿದೆ ಇದರಲ್ಲಿ?"

"ಒಂದು ಫಲಿತಾಂಶ ಬರೋದಿದೆ," ಎಂದಳು ತಂಗಿ, ಧೂಳು ಕೊಡವಿಕೊಂಡು ಎದ್ದು.

"ಯಾವುದರದ್ದು?"

"ನನ್ನ ಮೂಗಿಂದು."

ಯಜಮಾನರು ಏನೋ ಕೇಳಲು ಹೊರಟು, ದುಃಖದಲ್ಲಿ ಜನ ಏನೇನೋ ಮಾತಾಡುತ್ತಾರೆ ಎಂದುಕೊಂಡು ಬಂದವರಿಗೆ ಕುರ್ಚಿ ಹಾಕಲು ಹೋದರು.

* * *

ಅಕ್ಕ ಮೂವತ್ತೊಂದು ವರ್ಷ ಈ ಯಜಮಾನರ ಲಾಂಡ್ರಿಯ ಕೌಂಟರಿನಲ್ಲಿ ನಿಂತವಳು. ಬಂದ ಪ್ರತಿ ಬಟ್ಟೆಗೂ ಒಂದು ಚೀಟಿ. ಬಿಳಿ ಬಟ್ಟೆಯ ಸಣ್ಣ ಪಟ್ಟಿ, ಅದರ ಎರಡೂ ತುದಿಗೆ ಅಳಿಸದ ಶಾಯಿಯಲ್ಲಿ ಒಂದೇ ಸಂಖ್ಯೆ. ನಡುವೆ ಕತ್ತರಿಸಿದರೆ ಅರ್ಧ ಬಟ್ಟೆಯ ಒಳಮಗ್ಗುಲಿಗೆ, ಅರ್ಧ ಗಿರಾಕಿಯ ಕೈಗೆ. "ಜೋಪಾನ, ಇದಿಲ್ಲದೆ ಕೊಡಲ್ಲ," ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದಳು. ಹೇಳುವುದು ಮಾತ್ರ. ಚೀಟಿ ಕಳೆದುಕೊಂಡವರು ಹುಳ್ಳಗೆ ಮುಖ ಮಾಡಿಕೊಂಡು ನಿಂತರೆ, ಹಿಂದಿನ ರಾಶಿಯಿಂದ ಅವರ ಅಂಗಿಯನ್ನೇ ಎಳೆದು ತರುತ್ತಿದ್ದಳು.

ಗುಟ್ಟು ಇಷ್ಟೇ: ಅವಳಿಗೆ ಜನರ ಹೆಸರು ಎಳ್ಳಷ್ಟೂ ನೆನಪಿರುತ್ತಿರಲಿಲ್ಲ, ಕಲೆ ನೆನಪಿರುತ್ತಿತ್ತು. ಹಾಗಾಗಿ ಬೀದಿಯಲ್ಲೊಬ್ಬರು ಕಾಫಿ ಮೇಷ್ಟ್ರು, ಒಬ್ಬ ಗ್ರೀಸ್ ಮಾವ, ಮತ್ತು ಪ್ರಯೋಗಾಲಯದ ಬಿಳಿ ಕೋಟುಗಳನ್ನು ಒಗೆಯಲು ತರುತ್ತಿದ್ದ ದೊಡ್ಡ ವಿಜ್ಞಾನಿ, ಎಡಜೇಬಿನ ಕೆಳಗೆ ಸದಾ ನೀಲಿ ಚುಕ್ಕೆಯಿದ್ದ ಕಾರಣಕ್ಕೆ, ಶಾಯಿ ಮೇಡಂ.

ಕೆಲಸ ಬಿಡುವ ವಾರ ಅಕ್ಕ ಅವರನ್ನು ಕೇಳಿದ್ದಳು: "ಈ ಕೊರೊನಾ ಹೊಸದು, ಆ ಕೊರೊನಾ ಹಳೇದು ಅಂತೀರಲ್ಲ, ಗುರುತು ಹೇಗೆ ಹಿಡೀತೀರಿ?"

ಮೇಡಂ ತಾಳ್ಮೆಯಿಂದ ವಿವರಿಸಿದರು. ವೈರಸ್ಸಿನ ಒಳಗೆ ಸುಮಾರು ಮೂವತ್ತು ಸಾವಿರ ಅಕ್ಷರಗಳ ಒಂದು ಬರಹವಿದೆ. ಅದು ಹರಡುತ್ತ ಹೋದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ, ಬದಲಾದದ್ದು ಮುಂದಿನವರಿಗೂ ಹೋಗುತ್ತದೆ. ಊರೂರಿನ ಪ್ರಯೋಗಾಲಯಗಳು ತಾವು ಓದಿದ ಬರಹವನ್ನು ಹಂಚಿಕೊಳ್ಳುತ್ತವೆ. ಆಸಕ್ತಿ ಇದ್ದವರು ಕೂತು ನೋಡಬಹುದು.

"ಅಂದ್ರೆ ಕಲೆ," ಎಂದಳು ಅಕ್ಕ. "ಒಂದೇ ಥರದ ಕಲೆಗಳಿರೋದೆಲ್ಲ ಒಂದೇ ಮನೆ ಬಟ್ಟೆ."

"ಇಷ್ಟು ಹೇಳೋಕೆ ನಾನು ಒಂದು ಗಂಟೆ ಪಾಠ ಮಾಡ್ತೀನಿ," ಎಂದರು ಮೇಡಂ.

ಅಲ್ಲಿಂದ ನಾಲ್ಕು ವರ್ಷ ಅಕ್ಕ ಹಳೆಯ ಕಂಪ್ಯೂಟರಿಗೆ ಅಂಟಿಕೊಂಡಳು. ಅವಳು ಗುರುತಿಸಿದ ಹನ್ನೊಂದು ಹೊಸ ತಳಿಗಳಿಗೆ ಹೆಸರು ಬಿತ್ತು. ಹೆಸರೆಂದರೆ ಎರಡಕ್ಷರ, ಒಂದು ಚುಕ್ಕಿ, ಮುಂದೊಂದಷ್ಟು ಅಂಕಿ. ಇದೂ ಒಂದು ಹೆಸರೇ ಎಂದು ತಂಗಿ ನಗುತ್ತಿದ್ದಳು.

"ಹೆಸರಿಲ್ಲದ್ದನ್ನ ಯಾರೂ ಎಣಿಸಲ್ಲ ಕಣೇ," ಎನ್ನುತ್ತಿದ್ದಳು ಅಕ್ಕ. "ಎಣಿಸದೆ ಇದ್ರೆ ಅದು ಎಲ್ಲಿಗೆ ಹೋಯ್ತು, ಎಷ್ಟು ಜನರನ್ನ ಮಲಗಿಸ್ತು ಅಂತ ಗೊತ್ತಾಗೋದು ಹೇಗೆ? ಚೀಟಿ ಇಲ್ಲದ ಬಟ್ಟೆ ಇದ್ದ ಹಾಗೆ."

* * *

ಶಾಯಿ ಮೇಡಂ ಒಂದು ಗಂಟೆಗೆ ಬಂದರು. ಅಕ್ಕನ ಕಾಲ ಬಳಿ ಸ್ವಲ್ಪ ಹೊತ್ತು ನಿಂತು, ಕಣ್ಣೊರೆಸಿಕೊಂಡು, ತಂಗಿಯ ಕೈ ಹಿಡಿದುಕೊಂಡರು. ತಂಗಿ ಆ ಹಿಡಿದ ಕೈಯನ್ನೇ ಎಳೆದುಕೊಂಡು ಹೋಗಿ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಮೇಡಂ, ನಿಮ್ಮ ಲ್ಯಾಬಿಂದ ಈ ವಾರದ ಮಾದರಿ ಬಂತಾ? ಹೆಂಗಸು, ಅರವತ್ನಾಲ್ಕು ವಯಸ್ಸು?"

"ಬೆಳಿಗ್ಗೆ ಹಾಕಿದ್ವಿ. ಯಾಕೆ?"

"ಅದು ನಾನು."

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ನೀವಾ? ಪರೀಕ್ಷೆಗೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲ್ಲ ಅಂತ ಹಟ ಹಿಡಿದಿದ್ದೀರಂತೆ. ನಿಮ್ಮಕ್ಕ ಫೋನ್ ಮಾಡಿ ಅರ್ಧ ಗಂಟೆ ಗೋಳಾಡಿದ್ರು."

* * *

ಎರಡು ವಾರದ ಹಿಂದೆ ತಂಗಿ ಹಳೆಯ ಗೆಳತಿಯನ್ನು ನೋಡಲು ದೂರದ ಬಂದರಿನ ಊರಿಗೆ ಹೋಗಿದ್ದಳು. ಬರುವಾಗ ಅಕ್ಕನಿಗೊಂದು ಶಾಲು ತಂದಳು, ಜೊತೆಗೆ ಕೆಮ್ಮನ್ನೂ ತಂದಳು.

ಶಾಲಿನ ಗಂಟನ್ನು ಅಕ್ಕ ಬಿಚ್ಚಲೇ ಇಲ್ಲ. ಕೆಮ್ಮು ಕೇಳಿದ್ದೇ ಅವಳ ಮುಖ ಅರಳಿತು. ಅದೇ ಬಂದರಿನ ಊರಿನ ನಾಲ್ಕು ಮಾದರಿಗಳಲ್ಲಿ ಅವಳು ಯಾರೂ ಕಾಣದ ಮೂರು ಹೊಸ ಕಲೆಗಳನ್ನು ಕಂಡು, ಹೆಸರು ಕೊಡಿ ಎಂದು ಬರೆದಿದ್ದಳು. ಹೆಸರಿಡುವ ಸಮಿತಿಯವರ ನಿಯಮವೆಂದರೆ ಕನಿಷ್ಠ ಐದು ಮಾದರಿ ಬೇಕು, ಅದರಲ್ಲೊಂದಾದರೂ ಬೇರೆ ಊರಿನದಾಗಿರಬೇಕು. ಸಮಿತಿಯಲ್ಲಿ ಯಾವುದೋ ದೂರದೇಶದ ಒಬ್ಬನಿದ್ದ. ಅಕ್ಕ ಏನು ಕಳಿಸಿದರೂ ಒಂದು ಕೊಕ್ಕೆ ಹಾಕುತ್ತಿದ್ದ. ಅಕ್ಕ ಅವನಿಗೆ ಅಡ್ಡಗಾಲು ಎಂದು ಹೆಸರಿಟ್ಟಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ ಎಂಬರ್ಥದ ಮಾತು ಅವನದು.

"ಐದನೇದು ನೀನೇ ಕಣೇ! ಅದನ್ನೇ ತಂದಿರ್ತೀಯ! ನಡಿ ಕ್ಲಿನಿಕ್ಕಿಗೆ, ಒಂದು ಕಡ್ಡಿ ಹಾಕಿಸ್ಕೊಂಡು ಬಾ."

"ನಾನು ಶಾಲು ತಂದಿದ್ದೀನಿ, ನೀನು ಕೆಮ್ಮು ಕೇಳ್ತೀಯಾ? ಹೇಗಿದ್ದೀಯ ಅಂತ ಒಂದು ಮಾತು ಇಲ್ಲ!"

"ಹೇಗಿದ್ದೀಯ? ಚೆನ್ನಾಗಿದ್ದೀಯ. ನಡಿ."

ತಂಗಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಗಿಲು ಹಾಕಿಕೊಂಡಳು. ಅಕ್ಕ ಮೂರು ಹೊತ್ತೂ ಬಾಗಿಲ ಹೊರಗೆ ತಟ್ಟೆ ಇಟ್ಟು, ಮಾಸ್ಕಿನ ಒಳಗಿಂದ "ಕಡ್ಡಿ?" ಎಂದು ಕೇಳಿ ಹೋಗುತ್ತಿದ್ದಳು. ತಾನೂ ಪರೀಕ್ಷೆ ಮಾಡಿಸಿಕೊಂಡು ಬಂದು, "ನನಗೆ ಏನೂ ಇಲ್ಲವಂತೆ, ನನ್ನ ಹಣೇಬರ," ಎಂದು ಬೇಜಾರು ಮಾಡಿಕೊಂಡಳು. ಲೋಕದಲ್ಲಿ ಇನ್ಯಾರಾದರೂ ಹಾಗೆ ಬೇಜಾರು ಮಾಡಿಕೊಂಡಿರುವುದು ಅನುಮಾನ.

ಮೂರನೆಯ ದಿನ ಅಕ್ಕ ಮಲಗಿದ್ದಾಗ ತಂಗಿ ಮೆಲ್ಲಗೆ ಎದ್ದುಹೋಗಿ ಕ್ಲಿನಿಕ್ಕಿನಲ್ಲಿ ಕಡ್ಡಿ ಹಾಕಿಸಿಕೊಂಡು ಬಂದಳು. ಕೊರೊನಾ ಇದೆ ಎಂದರು, ಹೆಚ್ಚಿನ ಪರೀಕ್ಷೆಗೆ ಲ್ಯಾಬಿಗೆ ಹೋಗುತ್ತದೆ ಎಂದರು. ಅಕ್ಕನಿಗೆ ಹೇಳಲಿಲ್ಲ. ಪರದೆಯ ಮೇಲೆ ತಾನೇ ನೋಡಿ ಕುಣಿಯಲಿ, ಆಗ "ಯಾರದು ಹೇಳು ನೋಡೋಣ" ಅನ್ನೋಣ ಎಂದು ಗುಟ್ಟು ಕಟ್ಟಿಕೊಂಡಳು. ಕೆಮ್ಮು ವಾಸಿಯಾಯಿತು, ಅಕ್ಕತಂಗಿಯರು ಮತ್ತೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂತರು. ಅಕ್ಕ ಆಮೇಲೆ ಕಡ್ಡಿಯ ಮಾತೆತ್ತಲಿಲ್ಲ. ತಂಗಿ ದಿನವೂ ಒಳಗೊಳಗೇ ನಕ್ಕಳು.

* * *

"ಹೇಳಿಬಿಡಬೇಕಿತ್ತು ಮೇಡಂ," ಎಂದಳು ತಂಗಿ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರಲ್ಲ ಅಂತಾರಲ್ಲ, ಹಾಗಾಯ್ತು. ನನ್ನ ಮೇಲೆ ಬೇಜಾರಲ್ಲೇ ಹೋದಳೋ ಏನೋ. ಅದು ಅಕ್ಕ ಕಂಡ ತಳೀನೇನಾ? ಅಷ್ಟು ಹೇಳಿಬಿಡಿ. ಗಾಡಿ ಬರೋದ್ರೊಳಗೆ ಅವಳಿಗೆ ಹೇಳಬೇಕು."

ಮೇಡಂ ಪರದೆಯ ಮೇಲೆ ಬೆರಳಾಡಿಸಿದರು. ಒಂದು ಕಲೆ ಇದೆ. ಎರಡನೆಯದೂ ಇದೆ. ಮೂರನೆಯ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿ ಖಾಲಿ. ಮಷೀನು ಓದಿಲ್ಲ."

ಅಡ್ಡಗಾಲು ಆಗಲೇ ನೋಡಿದ್ದ. ಅಕ್ಕ ತೀರಿಕೊಂಡ ಸುದ್ದಿ ಮೇಡಂ ನಿನ್ನೆಯೇ ಸಮಿತಿಯ ಗುಂಪಿಗೆ ಬರೆದಿದ್ದರು; ಅವನು ನಾಲ್ಕು ಸಾಲು ಸಂತಾಪ ಬರೆದಿದ್ದ, ಐದನೆಯ ಸಾಲಿನಲ್ಲಿ ಆಕ್ಷೇಪಣೆ. ಮೂರರಲ್ಲಿ ಎರಡು ಸಾಲದು.

"ಸತ್ತವರಿಗಾದ್ರೂ ಒಂದು ರಿಯಾಯಿತಿ ಬೇಡ್ವಾ ಅವನಿಗೆ?" ತಂಗಿಯ ದನಿ ಏರಿತು.

"ರಿಯಾಯಿತಿ ಕೊಟ್ಟರೆ ನಿಮ್ಮಕ್ಕ ಎದ್ದು ಕೂತು ಜಗಳ ಆಡ್ತಾರೆ."

ತಂಗಿ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ಹಾಗಿದ್ರೆ ನೀವೇ ಅಲ್ಲೊಂದು ಅಕ್ಷರ ಬರೆದುಬಿಡಿ. ಮೂವತ್ತು ಸಾವಿರದಲ್ಲಿ ಒಂದು. ಯಾರಿಗೆ ಗೊತ್ತಾಗುತ್ತೆ?"

"ನಿಮ್ಮಕ್ಕನಿಗೆ," ಎಂದರು ಮೇಡಂ.

ತಂಗಿಗೂ ಆ ಕಥೆ ಗೊತ್ತಿತ್ತು. ಮೊದಲ ವರ್ಷ ಅಕ್ಕ ಒಂದು ದೊಡ್ಡ ತಳಿ ಹಿಡಿದೆನೆಂದು ಬೀದಿಗೆಲ್ಲ ಸಾರಿದ್ದಳು. ಹಳೆಯ ಕಲೆಗಳೆಲ್ಲ ಅಳಿಸಿಹೋದ ವಿಚಿತ್ರ ತಳಿ. ಅಡ್ಡಗಾಲು ಕೆದಕಿದಾಗ ಬಯಲಾಯಿತು: ಓದಲಾಗದ ಜಾಗವನ್ನು ಖಾಲಿ ಬಿಡದೆ ಮೂಲ ವೈರಸ್ಸಿನ ಅಕ್ಷರಗಳಿಂದ ತುಂಬಿಬಿಟ್ಟಿದ್ದರು. ಅಲ್ಲಿ ಕಲೆ ಹೋಗಿರಲಿಲ್ಲ, ತೇಪೆ ಬಿದ್ದಿತ್ತು. ತೇಪೆ ಹಾಕಿದ್ದು ಶಾಯಿ ಮೇಡಂ ಅವರ ಲ್ಯಾಬೇ. ಅಕ್ಕ ಎಲ್ಲರೆದುರು ತಪ್ಪೊಪ್ಪಿಕೊಂಡು, ಮರುದಿನ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳಿದ್ದಳಂತೆ: "ತೂತು ಇದ್ರೆ ತೂತು ಅಂತ ಹೇಳಿ. ತೇಪೆ ಹಾಕಿ ಹೊಸ ಅಂಗಿ ಅಂತ ಕೊಡಬೇಡಿ."

"ಆವತ್ತಿಂದ ನಾವು ತೂತು ಬಿಟ್ಟೇ ಕಳಿಸ್ತೀವಿ," ಎಂದರು ಮೇಡಂ. "ಆ ಜಾಗ ಇನ್ನೂ ಕೆಲವು ಮಾದರಿಗಳಲ್ಲಿ ಸರಿಯಾಗಿ ಬಂದಿರಲಿಲ್ಲ. ನಿನ್ನೆಯೇ ಎಲ್ಲವನ್ನೂ ಮತ್ತೆ ಮಷೀನಿಗೆ ಹಾಕಿದ್ದೀವಿ. ಮೂರು ಗಂಟೆಗೆ ಗೊತ್ತಾಗುತ್ತೆ."

ಎರಡು ಗಂಟೆ ಕಳೆಯುವುದು ಹೇಗೆ? ಬಂದವರು ಕಳೆದುಕೊಟ್ಟರು. ಗ್ರೀಸ್ ಮಾವ, ತನ್ನ ಮದುವೆಯ ಅಂಗಿಯನ್ನು ಅಕ್ಕ ಕಾಫಿ ಮೇಷ್ಟ್ರಿಗೆ ಕೊಟ್ಟುಕಳಿಸಿದ ಒಂದೇ ಒಂದು ತಪ್ಪಿನ ಕಥೆ ತೆಗೆದ.

"ತಪ್ಪಲ್ಲ ಅದು," ಎಂದರು ಮೇಷ್ಟ್ರು. "ನನಗೆ ಚೆನ್ನಾಗಿ ಒಪ್ಪುತ್ತೆ ಅಂತಾನೇ ಕೊಟ್ಟಿದ್ದು."

ಹಜಾರದಲ್ಲಿ ನಗೆ ಎದ್ದಿತು. ಎದುರುಮನೆಯವರು ಇದು ಸಾವಿನ ಮನೆ ಹೌದೋ ಅಲ್ಲವೋ ಎಂದು ಇಣುಕಿ ಹೋದರು. ತಂಗಿ ಮಾತ್ರ ಗಡಿಯಾರ ನೋಡುತ್ತಿದ್ದಳು. ರೋಗ ಇಲ್ಲದಿರಲಿ ಎಂದು ಜನ ಹರಸಿಕೊಳ್ಳುತ್ತಾರೆ. ನನಗೆ ಬಂದದ್ದು ಅದೇ ರೋಗವಾಗಿರಲಿ ಎಂದು ಅವಳು ಹರಸಿಕೊಳ್ಳುತ್ತಿದ್ದಳು.

ಮೂರೂಕಾಲಿಗೆ ಮೇಡಂ ಅವರ ಫೋನು ಗುನುಗಿತು. ಓದಿದರು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕಂಪ್ಯೂಟರಿನ ಬಳಿ ಹೋಗಿ, ತೂತಿದ್ದ ಜಾಗವನ್ನು ತೆರೆದು ತೋರಿಸಿದರು. ಒಂದು ಅಕ್ಷರ ಬಂದು ಕೂತಿತ್ತು.

"ಅದೇನಾ?"

"ಅದೇ. ಮೂರೂ ಇವೆ."

ತಂಗಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನೆಟ್ಟಗೆ ಹಜಾರಕ್ಕೆ ಹೋಗಿ, ಅಕ್ಕನ ಕಿವಿಯ ಬಳಿ ಬಗ್ಗಿ, "ಐದನೇದು ನಾನೇ ಕಣೇ. ಕಡ್ಡಿ ಹಾಕಿಸ್ಕೊಂಡಿದ್ದೆ," ಎಂದಳು. ಅಲ್ಲಿಯವರೆಗೆ ತಡೆದಿಟ್ಟ ಅಳು ಆಗ ಬಂತು, ಚೆನ್ನಾಗಿಯೇ ಬಂತು.

ಗಾಡಿ ಬಂದು ನಿಂತಾಗ ಅಡ್ಡಗಾಲಿನ ಉತ್ತರವೂ ಬಂತು. ಮೇಡಂ ಓದಿ ಹೇಳಿದರು: "'ಈಗ ಸರಿಯಿದೆ. ನನ್ನ ಆಕ್ಷೇಪಣೆ ಇಲ್ಲ.' ನಾಲ್ಕು ವರ್ಷದಲ್ಲಿ ಮೊದಲನೇ ಸಲ ಈ ಮಾತು ಬರೆದಿದ್ದಾನೆ. ಕೆಳಗೆ ತಳಿಯ ಹೆಸರಿದೆ."

"ಒಂದು ನಿಮಿಷ ಇರಿ," ಎಂದು ತಂಗಿ ಗಾಡಿಯವರನ್ನು ತಡೆದಳು. ಒಳಗಿನಿಂದ ಅಕ್ಕನ ಹಳೆಯ ಡಬ್ಬಿ ತಂದಳು. ಅದರಲ್ಲಿ ಬಿಳಿ ಪಟ್ಟಿಗಳು, ಪಿನ್ನು, ಕತ್ತರಿ, ಅಳಿಸದ ಶಾಯಿಯ ಪೆನ್ನು. ಮೇಡಂ ಹೇಳುತ್ತ ಹೋದರು, ತಂಗಿ ಬರೆದಳು: ಎರಡಕ್ಷರ, ಒಂದು ಚುಕ್ಕಿ, ಹತ್ತೊಂಬತ್ತು. ಪಟ್ಟಿಯ ಈ ತುದಿಗೊಂದು ಸಲ, ಆ ತುದಿಗೊಂದು ಸಲ.

ಯಜಮಾನರು ಪಟ್ಟಿ ಇಸಿದುಕೊಂಡರು. ನಡುವೆ ಕತ್ತರಿಸಿ, ಒಂದು ಅರ್ಧವನ್ನು ಶಾಲಿನ ಎಡತುದಿಯ ಒಳಮಗ್ಗುಲಿಗೆ ಸಿಕ್ಕಿಸಿ, ಪಿನ್ನು ಗಟ್ಟಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಇನ್ನೊಂದು ಅರ್ಧವನ್ನು ತಂಗಿಯ ಕೈಗೆ ಹಾಕಿದರು.

"ಜೋಪಾನ, ಇದಿಲ್ಲದೆ ಕೊಡ—" ಎಂದವರು ನಾಲಿಗೆ ಕಚ್ಚಿಕೊಂಡರು.

ತಂಗಿ ಅಳುತ್ತಿದ್ದವಳು ನಕ್ಕುಬಿಟ್ಟಳು. ನಗು ಕೆಮ್ಮಾಯಿತು, ಎರಡು ವಾರದ ಹಿಂದಿನ ಕೆಮ್ಮಿನ ಕೊನೆಯ ಚೂರು. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು, ಅರ್ಧ ಚೀಟಿಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು.