ಮೂರು ಕಡೆಯೂ ಒಂದೇ ಅಂಕಿ

ನನ್ನ ಬಳಿ ಒಂದು ಅಂಕಿ ಇರಲಿಲ್ಲ. ವಿಮಾನದ ತೂಕ ಇತ್ತು, ಟೈರಿನ ಗಾಳಿಯ ಲೆಕ್ಕ ಇತ್ತು, ಮುಂದಿನ ಚಕ್ರವನ್ನು ಹಿಡಿದ ಕಾಲಿನ ಉದ್ದ ದಪ್ಪ ಎಲ್ಲ ಇದ್ದವು. ಆ ಕಾಲಿನ ಕೊಂಡಿಯಲ್ಲಿ, ಪಿನ್ನಿಗೂ ಅದು ಕೂರುವ ಲೋಹದ ಬಳೆ ಬುಷ್‌ಗೂ ನಡುವೆ ಸವೆದು ಎಷ್ಟು ಸಡಿಲವಾಗಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಸಡಿಲ ಸ್ವಲ್ಪ ಹೆಚ್ಚಾದರೂ ಸಾಕು, ಓಡುವಾಗ ಚಕ್ರ ಎಡಬಲಕ್ಕೆ ಅದುರಿ ಕಾಲನ್ನೇ ಮುರಿದುಹಾಕುತ್ತದೆ. ಗುರುವಾರ ಇಬ್ಬರು ಪೈಲಟ್‌ಗಳು ಆ ವಿಮಾನವನ್ನು ರನ್‌ವೇ ಮೇಲೆ ಜೋರಾಗಿ ಓಡಿಸಿ ನೋಡುವವರಿದ್ದರು. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ, ಪರವಾಗಿಲ್ಲವೋ ಬೇಡವೋ ಹೇಳುವುದು ನನ್ನ ಕೆಲಸ.

ಅಂಕಿ ಬರುವವರೆಗೆ ಇರಲಿ ಎಂದು ಸೊನ್ನೆ ಪಾಯಿಂಟ್ ಮೂರು ಏಳು ಮಿಲಿಮೀಟರ್ ಹಾಕಿಕೊಂಡೆ. ಹೊಸ ಕೊಂಡಿಗಿಂತ ತುಸು ಹೆಚ್ಚು, ಅಷ್ಟೇ. ಬೇರೆ ಆಧಾರ ಇರಲಿಲ್ಲ.

ಅಳೆಯಬೇಕಾದವನು ನಮ್ಮ ಚಿಕ್ಕಪ್ಪ, ಹ್ಯಾಂಗರಿನಲ್ಲಿ ಮೂವತ್ತೊಂದು ವರ್ಷದಿಂದ ಫಿಟ್ಟರ್. ಅವನ ಮುದ್ರೆ ಬಿದ್ದ ಹಾಳೆಯನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಮುದ್ರೆ ಇಲ್ಲದವನು ಅಲ್ಲಿ ಒಂದು ಬೋಲ್ಟನ್ನೂ ಮುಟ್ಟುವಂತಿಲ್ಲ. ನಾನು ಇದ್ದದ್ದು ಅವನ ಮನೆಯಲ್ಲೇ.

“ಏನು ಚಕ್ರಮ್ಮ, ಇವತ್ತು ಎಷ್ಟು ದೂರ ಓಡ್ತು ನಿನ್ನ ವಿಮಾನ?” ಊಟಕ್ಕೆ ಕೂತಾಗ ಕೇಳಿದ.

“ಎರಡು ಸೆಕೆಂಡು.”

“ಇಡೀ ದಿನಕ್ಕಾ? ಅದಕ್ಕಿಂತ ಗೋಡೆ ಮೇಲಿನ ಹಲ್ಲಿ ವಾಸಿ.”

“ನೀನು ಮೊದಲು ಅಳೆದು ಕೊಡು, ಆಮೇಲೆ ಮಾತಾಡು. ಅಲ್ಲಿವರೆಗೂ ಮೂರು ಏಳು ಅಂತ ಹಾಕ್ಕೊಂಡಿದೀನಿ.”

“ನೀನು ಹಾಕಿದ್ರೆ ಅಷ್ಟೇ ಇರತ್ತೆ ಬಿಡು,” ಎಂದು ತಟ್ಟೆ ಎತ್ತಿಕೊಂಡು ಎದ್ದ.

ಸೋಮವಾರ ಅವನ ಹಾಳೆ ಬಂತು. ಸೊನ್ನೆ ಪಾಯಿಂಟ್ ಮೂರು ಏಳು! ನಾನು ಹಿಗ್ಗಿ ಹೀರೇಕಾಯಿಯಾದೆ. ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಮನೆಗೆ ಹೋದೆ.

ಮಂಗಳವಾರ ಮಧ್ಯಾಹ್ನ ಆ ಎರಡು ಸೆಕೆಂಡನ್ನು ನೂರು ಪಟ್ಟು ನಿಧಾನ ಮಾಡಿ ನೋಡುತ್ತ ಕೂತೆ. ಪರದೆಯಲ್ಲಿ ವಿಮಾನ ಕಾಣುವುದಿಲ್ಲ, ನೆಲವೂ ಕಾಣುವುದಿಲ್ಲ. ಬೂದುಬಣ್ಣದ ನಡುವೆ ಒಂದು ಕಾಲು, ಒಂದು ಚಕ್ರ. ಚಕ್ರ ಎಡಕ್ಕೆ ಹೊರಳಿತು, ಏನೋ ಮರೆತವರಂತೆ ನಿಂತಿತು, ಬಲಕ್ಕೆ ಬಂತು. ಕಿಟಕಿಯ ಬಿಸಿಲು ಮೇಜಿನ ಮೇಲೆ ಅದೇ ನಿಧಾನದಲ್ಲಿ ಸರಿಯುತ್ತಿತ್ತು. ಬಾಗಿಲಾಚೆ ನಡೆದುಹೋದವರ ಭುಜಗಳೂ ಹಾಗೇ ಓಲಾಡಿದಂತೆ ಕಂಡವು. ನಾಲ್ಕು ಸಲ ತೂಗಿ ಚಕ್ರ ನಿದ್ದೆಹೋಯಿತು. ನನಗೂ ಜೊಂಪು ಹತ್ತಿತು. ಚಕ್ರ ನೀರಿನಡಿ ಉರುಳುತ್ತಿತ್ತು. ನಾನು ಅದರ ಪಕ್ಕ ನಡೆಯುತ್ತಿದ್ದೆ, ನನ್ನ ಪಾದ ಎಲ್ಲೂ ತಾಕುತ್ತಿರಲಿಲ್ಲ. ಟೈರಿನ ಮೇಲೆ ಯಾರೋ ಸುಣ್ಣದಲ್ಲಿ ಬರೆದಿದ್ದರು. ಪ್ರತಿ ಸುತ್ತಿಗೂ ಅದು ಮೇಲೆ ಬರುತ್ತಿತ್ತು: ಮೂರು ಏಳು, ಮೂರು ಏಳು, ಮೂರು ಏಳು.

ಎಚ್ಚರವಾಯಿತು. ಹಾಳೆ ಎಳೆದುಕೊಂಡೆ. ಸಡಿಲವನ್ನು ಮೂರು ಸಲ ಅಳೆಯಬೇಕು: ಚಕ್ರ ಎಡಕ್ಕೆ ತಿರುಗಿದಾಗ, ನೇರ ಇದ್ದಾಗ, ಬಲಕ್ಕೆ ತಿರುಗಿದಾಗ. ಮೂರು ಕಡೆಯೂ ಒಂದೇ ಅಂಕಿ ಬರೆದಿತ್ತು. ಯಾವ ಕಬ್ಬಿಣವೂ ಹಾಗೆ ಸಮಸಮವಾಗಿ ಸವೆಯುವುದಿಲ್ಲ.

ಚಿಕ್ಕಪ್ಪ ಹ್ಯಾಂಗರಿನಲ್ಲಿ ವಿಮಾನದ ಮೂತಿಯ ಕೆಳಗೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಹಾಳೆ ಮುಂದೆ ಹಿಡಿದೆ.

“ಜಾಕಿ ಎಣ್ಣೆ ಸೋರ್ತಿತ್ತು, ರಿಪೇರಿಗೆ ಹೋಗಿದೆ,” ಎಂದ. “ಮೂತಿ ಎತ್ತದೆ ಅಳೆಯೋದು ಹೇಗೆ? ಕೈಯಲ್ಲಿ ಅಲ್ಲಾಡಿಸಿ ನೋಡ್ದೆ, ಏನೂ ಸಿಗಲಿಲ್ಲ. ನೀನು ಹೇಳಿದ್ದನ್ನೇ ಬರೆದೆ. ನಿನ್ನ ಲೆಕ್ಕ ಯಾವತ್ತು ತಪ್ಪಿದೆ?”

“ಅದು ಲೆಕ್ಕ ಅಲ್ಲ ಚಿಕ್ಕಪ್ಪ, ಬರೀ ಅಂದಾಜು. ನಿನ್ನ ಹಾಳೆ ನೋಡಿ ನಾನು ಸರಿ ಅಂದ್ಕೊಂಡೆ.”

ಅವನು ಕೈ ಒರೆಸಿದ ಬಟ್ಟೆಚೂರನ್ನು ಮಡಿಸಿ ಪಕ್ಕಕ್ಕಿಟ್ಟ. “ಅಂದ್ರೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಗೊರಕೆ ಹೊಡೆದ್ವಿ ಅನ್ನು.”

ನನಗೆ ನಗು ಬರಲಿಲ್ಲ.

“ಕಂಪ್ಯೂಟರ್ ಕೆಟ್ಟಿದೆ ಅಂತ ಹೇಳು. ಶುಕ್ರವಾರ ಜಾಕಿ ಬರತ್ತೆ, ಅಳೆದು ಹಾಳೆ ಬದಲಾಯಿಸ್ತೀನಿ.”

“ಕೆಟ್ರೆ ಇನ್ನೊಂದರಲ್ಲಿ ಮಾಡು ಅಂತಾರೆ. ಅಂಕಿ ಇದೆಯಲ್ಲ ಅಂತಾರೆ. ಗುರುವಾರ ಓಡಿಸೇ ಓಡಿಸ್ತಾರೆ.”

“ಮುದ್ರೆ ಕಿತ್ಕೋತಾರೆ ಕಣೆ.”

“ಗೊತ್ತು.”

“ಗೊತ್ತಿದ್ರೆ ಹೋಗು ಮತ್ತೆ. ಇಲ್ಲಿ ನಿಂತು ನನ್ನ ಮುಖ ನೋಡಿದ್ರೆ ಜಾಕಿ ಬರಲ್ಲ.”

ಮುಖ್ಯಸ್ಥರ ಕೋಣೆಗೆ ನಲವತ್ತು ಹೆಜ್ಜೆ. ಅವತ್ತು ಕಾರಿಡಾರಿನ ಗೋಡೆಗಳು ದೂರ ಸರಿಯುತ್ತ ಹೋದವು, ನಾನು ನಡೆದೇ ನಡೆದೆ. ಈ ಅಂಕಿ ಅಳೆದದ್ದಲ್ಲ ಎಂದೆ. ಹಾಳೆ ಯಾರದು ಎಂದು ಕೇಳಿದರು. ಹೇಳಿದೆ. ಅವರು ಬರೆದುಕೊಂಡರು. ಗುರುವಾರದ ಓಟ ನಿಂತಿತು.

ಶುಕ್ರವಾರ ಬೇರೆ ಫಿಟ್ಟರ್ ಅಳೆದ. ಸೊನ್ನೆ ಪಾಯಿಂಟ್ ಎಂಟು ಎಂಟು, ಒಂಬತ್ತು ನಾಲ್ಕು, ಒಂಬತ್ತು ಒಂದು. ಆ ಅಂಕಿಗಳನ್ನು ಹಾಕಿ ನೋಡಿದೆ. ಚಕ್ರ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಪ್ರತಿ ಸಲವೂ ತುಸು ಇನ್ನಷ್ಟು ದೂರ. ಯಾವ ಅವಸರವೂ ಇಲ್ಲ. ನೋಡಲು ಚೆಂದವಾಗಿಯೇ ಇತ್ತು. ನಿಜದಲ್ಲಿ ಅದು ಸೆಕೆಂಡಿಗೆ ಇಪ್ಪತ್ತೆರಡು ಸಲದ ಅದುರು. ಎರಡನೇ ಸೆಕೆಂಡು ಮುಗಿಯುವ ಮೊದಲೇ ಲೆಕ್ಕ ತಾನಾಗಿ ನಿಂತಿತು. ಬೂದುಬಣ್ಣದ ನಡುವೆ, ಸದ್ದೇ ಇಲ್ಲದೆ, ಕಾಲು ಮುರಿದಿತ್ತು.

ಕೊಂಡಿ ಬಿಚ್ಚಿ ಹೊಸದಾಗಿ ಕೂರಿಸಿದರು. ಮರುವಾರ ವಿಮಾನ ಓಡಿತು, ಚಕ್ರ ಅದುರಲಿಲ್ಲ. ಪೈಲಟ್‌ಗಳು ಇಳಿದು ಕ್ಯಾಂಟೀನಿಗೆ ಹೋದರು. ನನಗೆ ಏನೂ ಆಗಲಿಲ್ಲ, ಅಂದಾಜು ಮಾಡಲು ಮುದ್ರೆ ಬೇಕಿಲ್ಲ. ಚಿಕ್ಕಪ್ಪನನ್ನು ಸ್ಟೋರಿಗೆ ಹಾಕಿದರು. ಈಗ ಅವನು ಕಿಟಕಿಯ ಹಿಂದೆ ಕೂತು ಬೇರೆಯವರಿಗೆ ಸ್ಪ್ಯಾನರ್ ಎಣಿಸಿ ಕೊಡುತ್ತಾನೆ.

ಹೋದದ್ದು ಇಷ್ಟು: ಎಂಟು ದಿನ, ಎರಡು ಬುಷ್, ಒಂದು ಪಿನ್ನು, ಒಂದು ಮುದ್ರೆ.