ಶಂಕ್ರೆಪ್ಪನ ಕಪ್ಪು-ಬಸಿ

ಚಹಾದ ಊರಿನಲ್ಲಿ ಕಾಫಿ ಮಾರಲು ಕೂತವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ತನ್ನ ಕೈಯ ಮೇಲೆ ಅಪಾರ ನಂಬಿಕೆ ಇರಬೇಕು. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹೋಟೆಲು ಇಟ್ಟಿದ್ದ ಶಂಕ್ರೆಪ್ಪನಿಗೆ ಎರಡೂ ಇದ್ದವು ಎಂದು ಅವನ ಹೆಂಡತಿ ರುದ್ರವ್ವ ಹೇಳುತ್ತಿದ್ದಳು. ಚಿಕ್ಕಮಗಳೂರಿನಿಂದ ಬೀಜ ತರಿಸಿ ಹಿತ್ತಲಿನಲ್ಲಿ ತಾನೇ ಹುರಿಯುವನು. ತಿಕೋಟಾದಿಂದ ಗೈಬುಸಾಬ ನಸುಕಿನ ಬಸ್ಸಿಗೆ ಎಮ್ಮೆ ಹಾಲು ತಂದು ಇಳಿಸಿದ ಮೇಲೆಯೇ ಒಲೆ ಹೊತ್ತಿಸುವನು. ಕಾಯಿಸಿದ ಹಾಲನ್ನು ಇನ್ನೊಮ್ಮೆ ಕಾಯಿಸಿದರೆ ಅದು ಹಾಲಲ್ಲ, ಬಿಳಿ ನೀರು ಎನ್ನುವನು.

ಆದರೆ ಬರೀ ಹಾಲು-ಪುಡಿಯಿಂದ ಕಾಫಿ ಆಗುವಂತಿದ್ದರೆ ಊರಿಗೆಲ್ಲ ಒಳ್ಳೆಯ ಕಾಫಿ ಸಿಗುತ್ತಿತ್ತು. ಶಂಕ್ರೆಪ್ಪ ಬಂದವರ ಮುಖ ನೋಡಿ ಬೆರೆಸುತ್ತಿದ್ದ. ಕೋರ್ಟಿನಲ್ಲಿ ಸೋತು ಬಂದವನಿಗೆ ಸಕ್ಕರೆ ಒಂದು ಕೈ ಹೆಚ್ಚು, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಇಳಿದವನಿಗೆ ಡಿಕಾಕ್ಷನ್ ಹೆಚ್ಚು. ಕೇಳುತ್ತಿರಲಿಲ್ಲ, ಕೊಡುತ್ತಿದ್ದ. ಎಲ್ಲರೂ ಕುಡಿದು ಎದ್ದು ಹೋದ ಮೇಲೆ, ಹಿಂಡಿದ ಪುಡಿಗೆ ಮತ್ತೊಮ್ಮೆ ನೀರು ಹೊಯ್ದು, ಪಾತ್ರೆಯ ತಳದ ಹಾಲು ಕೆರೆದು ಹಾಕಿಕೊಂಡು, ನಿಂತೇ ಒಂದು ಕಪ್ಪು ಕುಡಿಯುವನು. ಕುಡಿದು ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದನೆಂದರೆ ಆ ಹೊತ್ತಿನ ವ್ಯಾಪಾರ ಮುಗಿದಂತೆ. ಊರಿಗೆಲ್ಲ ಗಟ್ಟಿ, ತನಗೆ ಮಾತ್ರ ಚರಟ ಎಂದು ರುದ್ರವ್ವ ಗೊಣಗುವಳು. ಅವನು ನಗುವನು.

ಅವನು ಹೋದದ್ದು ಮಾಘದಲ್ಲಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಬಬಲೇಶ್ವರದ ಸ್ವಂತ ಹೊಲದಲ್ಲಿ, ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದರು. ಒಬ್ಬಳೇ ಮಗಳು ರಾಜೇಶ್ವರಿ ಹೋಟೆಲಿನ ಒಲೆಯ ಮುಂದೆ ನಿಂತಳು. ಅದೇ ಫಿಲ್ಟರ್, ಅದೇ ಪುಡಿ, ಅದೇ ಗೈಬುಸಾಬನ ಹಾಲು. ಹಳೆಯ ಗಿರಾಕಿಗಳು ಬಂದರು, ಒಂದು ಗುಟುಕು ಕುಡಿದರು, ಒಳ್ಳೆಯದೆಂದರು. ಅರ್ಧ ಕಪ್ಪು ಅಲ್ಲೇ ಬಿಟ್ಟು ಎದ್ದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಉಳಿದ ಅರ್ಧರ್ಧ ಕಪ್ಪುಗಳನ್ನು ತೊಳೆಯುವಾಗ ಮಾತ್ರ ಅವಳಿಗೆ ಅಳು ಬರುತ್ತಿತ್ತು. ಬೇಸಿಗೆ ಮುಗಿಯುವ ಮೊದಲೇ ಜಾಗವನ್ನು ಕಾಫಿ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟಳು. ಅವರು ಗೋಡೆ ಒಡೆದು ಗಾಜು ಹಾಕಿದರು, ಒಳಗೆ ತಂಪು ಗಾಳಿ ಬಿಟ್ಟರು, ಅವಳನ್ನೇ ಮ್ಯಾನೇಜರ್ ಮಾಡಿದರು.

ಕಂಪನಿಯ ಕಾಫಿ ಕೆಟ್ಟದ್ದು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ವಿಜಯಪುರದಲ್ಲಿ ಕುಡಿದರೂ ಪುಣೆಯಲ್ಲಿ ಕುಡಿದರೂ ಒಂದೇ ರುಚಿ, ಅದೇ ಅವರ ಹೆಮ್ಮೆ. ಊರ ಜನಕ್ಕೆಲ್ಲ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹೆಸರು ಕೇಳುತ್ತಾರೆ, ಕಾಗದದ ಕಪ್ಪಿನ ಮೇಲೆ ಬರೆಯುತ್ತಾರೆ, ಕಾಫಿ ತಯಾರಾದಾಗ ಆ ಹೆಸರು ಕೂಗುತ್ತಾರೆ. ಬರದಿದ್ದರೆ ಮೂರು ಸಲ ಕೂಗಬೇಕೆಂದು ನಿಯಮ. ಎಲ್ಲಾ ಕೆಟ್ಟದ್ದು ಶುರುವಾದದ್ದು ಆ ನಿಯಮದಿಂದ.

ಮಹಾನವಮಿ ಅಮಾವಾಸ್ಯೆಯ, ಅಂದರೆ ಮಹಾಲಯದ, ದಿನ ಹಿರಿಯರಿಗೆ ಎಡೆ ಇಡಬೇಕಲ್ಲ. ತೀರಿಕೊಂಡವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ ಮಾಳಿಗೆಯ ಮೇಲಿಟ್ಟು ಕಾಗೆಯ ದಾರಿ ಕಾಯುವುದು. ಕಾಗೆ ಮುಟ್ಟುವ ತನಕ ಮನೆಯವರು ಬಾಯಿಗೆ ನೀರು ಹಾಕುವಂತಿಲ್ಲ. ಕಾಗೆ ಕಾಫಿ ಕುಡಿಯುತ್ತದೆಯೇ ಎಂದು ನೀವು ಕೇಳಬಹುದು. ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಡುತ್ತಾರೆ, ಕಾಗೆ ಬಂದು ಕಡ್ಡಿ ಗೀರುವುದಿಲ್ಲ. ಆದರೂ ಎಲೆಗೆ ಕೊಕ್ಕಾದರೂ ತಾಗಿಸಬೇಕು. ಹೋಳಿಗೆ, ಎಣ್ಣೆಗಾಯಿ ಎಲ್ಲ ಮನೆಯಲ್ಲಿ ಆಗಿದ್ದವು. ಕಾಫಿ ಮಾಡಲು ರಾಜೇಶ್ವರಿಯ ಕೈ ಏಳಲಿಲ್ಲ. ತನ್ನ ಕೈಯ ಕಾಫಿಯನ್ನು ಅಪ್ಪನೂ ಅರ್ಧಕ್ಕೇ ಬಿಟ್ಟರೆ ಎಂಬ ಹೆದರಿಕೆ. ಹೇಗಿದ್ದರೂ ಅಪ್ಪನದೇ ಜಾಗ, ಅಲ್ಲಿಂದಲೇ ಒಂದು ಕಪ್ಪು ಒಯ್ಯೋಣ ಎಂದುಕೊಂಡು ಅಂಗಡಿಗೆ ಹೋದಳು. ಕೌಂಟರಿನಲ್ಲಿದ್ದವಳು ಇರ್ಫಾನಾ, ಕೆಲಸಕ್ಕೆ ಹೊಸಬಳು. ಯಾರ ಹೆಸರು ಬರೆಯಲಿ ಎಂದು ಕೇಳಿದಳು. ರಾಜೇಶ್ವರಿ ಬೇರೇನೋ ಯೋಚಿಸುತ್ತ ಶಂಕ್ರೆಪ್ಪ ಎಂದು ಬರೆಯಲು ಹೇಳಿ, ಹಾಲಿನ ಪ್ಯಾಕೆಟ್ಟು ಇಳಿಸಿಕೊಳ್ಳಲು ಹಿಂದಿನ ಕೋಣೆಗೆ ಹೋದಳು.

ಅಲ್ಲಿಂದಲೇ ಅವಳಿಗೆ ಕೇಳಿಸಿತು. "ಶಂಕ್ರೆಪ್ಪ!" ಇರ್ಫಾನಾಳ ಎಳೆಯ, ಸ್ವಚ್ಛ ಧ್ವನಿ. ಪ್ಯಾಕೆಟ್ಟು ಕೈಯಲ್ಲೇ ಉಳಿಯಿತು. "ಶಂಕ್ರೆಪ್ಪ!" ತೀರಿಕೊಂಡವರ ಹೆಸರನ್ನು ಅವರು ಬಾಳಿದ ಜಾಗದಲ್ಲಿ ನಿಂತು ಮೂರು ಸಲ ಕೂಗಬಾರದು, ಕೂಗಿದರೆ ಬರುತ್ತಾರೆ, ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದು ಅವರ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಮಾತು. ರಾಜೇಶ್ವರಿ ಓಡಿ ಬರುವಷ್ಟರಲ್ಲಿ ಮೂರನೆಯದೂ ಆಗಿಹೋಗಿತ್ತು. ಗಾಜಿನ ಬಾಗಿಲು ತೆರೆದು, ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ಇರ್ಫಾನಾ ಬಾಗಿಲಿನ ಕಡೆಗೇ ನೋಡುತ್ತಿದ್ದಳು. "ಯಾರ್ರೀ ಮೇಡಂ ಅವರು? ಬಾಗಲದಾಗ ನಿಂತಂಗ ಆತು. ಒಳಗ ಮಾತ್ರ ಬರಲಿಲ್ಲ."

ಆ ದಿನ ಕಾಗೆ ಬರಲಿಲ್ಲ. ಕಾಗದದ ಕಪ್ಪು ಬಿಸಿಲಲ್ಲಿ ಮೆತ್ತಗಾಗಿ ಬಾಗಿತು. ಸಂಜೆಯ ತನಕ ಕಾದು ಕೊನೆಗೆ ಎಡೆಯನ್ನು ಹಸುವಿಗೆ ಹಾಕಿದರು. ಮರುದಿನ ನಸುಕಿನಲ್ಲಿ ರಾಜೇಶ್ವರಿಗೆ ಎಚ್ಚರವಾದದ್ದು ವಾಸನೆಗೆ. ಹುರಿದ ಬೀಜ, ಆಗಷ್ಟೇ ಉಕ್ಕಿದ ಎಮ್ಮೆ ಹಾಲು. ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಯೇ ಇತ್ತು. ಒಳಗೆ ಬಸಿಯ ಮೇಲೆ ಕಪ್ಪು ಇಟ್ಟ ಸದ್ದು, ಟಿಣ್ ಎಂದು ಒಂದೇ ಸಲ. ಕುಡಿದು ಬೋರಲು ಹಾಕುವ ಸದ್ದಿಗಾಗಿ ಅವಳು ಉಸಿರು ಬಿಗಿಹಿಡಿದು ಕಾದಳು. ಅದು ಬರಲಿಲ್ಲ. ಚಿಲಕ ತೆಗೆದು ನೋಡಿದರೆ ಒಲೆ ತಣ್ಣಗಿತ್ತು, ಅಪ್ಪನ ಕಪ್ಪು-ಬಸಿ ಕಪಾಟಿನಲ್ಲಿದ್ದವು.

ದಿನಾ ನಸುಕಿಗೆ ಹಾಗೆಯೇ ಆಯಿತು. ಅಪ್ಪ ಸಿಟ್ಟಾಗಿದ್ದಾನೆ, ಹೋಟೆಲು ಕೊಟ್ಟದ್ದಕ್ಕೆ ಮುನಿದು ನಿಂತಿದ್ದಾನೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಹೆದರಿಕೆಯಾದರೆ ಸಹಿಸಬಹುದಿತ್ತು, ಆದರೆ ಅವ್ವನ ಸ್ಥಿತಿ ನೋಡಲಾಗುತ್ತಿರಲಿಲ್ಲ. ರುದ್ರವ್ವ ವಾಸನೆ ಬರುವ ಮೊದಲೇ ಎದ್ದು, ಅಡುಗೆಮನೆಯ ಹೊಸ್ತಿಲ ಬಳಿ ಕೂತು, ಒಳಗಿನ ಕತ್ತಲೆಯ ಜೊತೆ ಮೆಲುದನಿಯಲ್ಲಿ ಮಾತಾಡುವಳು. ಊಟ ಬಿಡುತ್ತ ಬಂದಳು. ಡಾಕ್ಟರಿಗೆ ಯಾವ ರೋಗವೂ ಕಾಣಲಿಲ್ಲ. ಮಗಳು ಕೈ ಹಿಡಿದು ಬೇಡಿಕೊಂಡಾಗ ಅವಳು ಹೇಳಿದ್ದು ಒಂದೇ ಮಾತು:

"ಅಂವ ಒಂದ ಗುಟುಕ ಕುಡೀಲಾರದ ಬಾಗಲಾಗ ನಿಂತಾನ. ನಾ ಹೆಂಗ ಉಣ್ಣಲಿ ಬೇ? ವರ್ಷದ ಎಡಿ ಮುಟ್ಟಲಿ, ಆಮ್ಯಾಲ ನೋಡೂಣು. ಮುಟ್ಟದಿದ್ರ ನಾನೂ ಅಂವನ ಹಿಂದ."

ರುದ್ರವ್ವ ಬಾಯಿಮಾತಿಗೆ ಹೇಳುವವಳಲ್ಲ. ಮಾಘ ಬರುವ ಹೊತ್ತಿಗೆ ಅವಳ ಕುಪ್ಪಸದ ತೋಳು ಜೋಲಾಡುತ್ತಿತ್ತು.

ವರ್ಷದ ಎಡೆಗೆ ಬಬಲೇಶ್ವರದ ಹೊಲಕ್ಕೆ ಹೋದರು. ಈ ಸಲ ರಾಜೇಶ್ವರಿ ಕಾಗದದ ಕಪ್ಪು ತರಲಿಲ್ಲ. ಅಪ್ಪನ ಹಿತ್ತಾಳೆ ಫಿಲ್ಟರು, ಅಪ್ಪನ ಕಪ್ಪು-ಬಸಿ, ತಾನೇ ಹುರಿದ ಬೀಜದ ಪುಡಿ. ಗೈಬುಸಾಬನಿಗೆ ಹೇಳಿ ಕಳಿಸಿ ಹಾಲು ತರಿಸಿದ್ದಳು. ಅವನು ಬರುವ ಬಸ್ಸು ದಾರಿಯಲ್ಲಿ ಕೆಟ್ಟು, ಮುದುಕ ಕ್ಯಾನು ಹೊತ್ತು ಹೊಲಕ್ಕೆ ನಡೆದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಲ್ಲು ಹೂಡಿ ಒಲೆ ಮಾಡಿ, ಹಾಲು ಒಂದೇ ಸಲ ಉಕ್ಕಿಸಿ, ಮೊದಲ ಡಿಕಾಕ್ಷನ್ನಿನ ಗಟ್ಟಿ ಕಾಫಿ ಬೆರೆಸಿ ಅಪ್ಪನ ಸಮಾಧಿಯ ಗದ್ದುಗೆಯ ಮೇಲೆ ಎಡೆಯ ಎಲೆಯ ಪಕ್ಕ ಇಟ್ಟಳು. ಎಲ್ಲರೂ ದೂರ ಸರಿದು ಕೂತರು. ಕಾಗೆಗಳು ಬೇವಿನ ಮೇಲೆ ಬಂದವು, ಕೆಳಗೆ ನೋಡಿದವು, ಕೂತಲ್ಲಿಂದ ಕದಲಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.

ಸೋದರತ್ತೆ ಕಾಳವ್ವ ಒಬ್ಬೊಬ್ಬರ ತಪ್ಪನ್ನೂ ಹುಡುಕತೊಡಗಿದಳು. ರುದ್ರವ್ವ ಬೇವಿನ ಬುಡಕ್ಕೆ ಒರಗಿ, ಹೋಗಲು ತಯಾರಾದವರ ಹಾಗೆ ಕಣ್ಣು ಮುಚ್ಚಿದಳು. ಅದನ್ನು ನೋಡಿ ರಾಜೇಶ್ವರಿಯ ಎದೆ ಒಡೆಯಿತು. ಇನ್ನೇನು ಮಾಡಲಿ ಅಪ್ಪಾ, ಎಲ್ಲಾ ನಿನ್ನ ಹಾಗೆಯೇ ಮಾಡಿದೆನಲ್ಲ ಎಂದು ಮನಸ್ಸಿನಲ್ಲೇ ಜಗಳ ತೆಗೆದಳು.

ಆಗ ಅವಳ ಕಣ್ಣಿಗೆ ಗೈಬುಸಾಬ ಬಿದ್ದ. ಅಷ್ಟು ದೂರ ನಡೆದು ಬಂದವನು ಬದುವಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ತುಟಿ ಒಣಗಿತ್ತು. ಎಡೆ ಮುಟ್ಟುವ ಮೊದಲು ಯಾರೂ ಏನೂ ಕುಡಿಯಬಾರದೆಂದು ಕಾಳವ್ವ ಅವನಿಗೆ ನೀರನ್ನೂ ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ. ಹಾಲಿನ ಕ್ಯಾನು ಇಳಿಸಿದ ಗೈಬುಸಾಬನ ಕೈಗೆ ಮೊದಲ ಕಪ್ಪು ಕೊಡದೆ ಅಪ್ಪ ಒಂದು ದಿನವಾದರೂ ವ್ಯಾಪಾರ ಶುರು ಮಾಡಿದ್ದನೇ? ಸುತ್ತ ಇಷ್ಟು ಜನ ಒಣಬಾಯಿಯಲ್ಲಿ ಕೂತಿರುವಾಗ ಕಪ್ಪಿಗೆ ತುಟಿ ಹಚ್ಚಿದ್ದನೇ? ಯಾರ ಮುಖವನ್ನೂ ನೋಡದೆ ಬರೀ ಅಳತೆ ನೋಡಿ ಕಾಫಿ ಮಾಡಿದ್ದೆ ಎಂಬುದು ಅವಳಿಗೆ ಅಲ್ಲಿ ಹೊಳೆಯಿತು. ಕಂಪನಿಯ ಅಂಗಡಿಗೂ ತನಗೂ ಏನು ಫರಕು ಉಳಿದಿತ್ತು?

ಎದ್ದು ಹೋಗಿ ಗದ್ದುಗೆಯ ಮೇಲಿನ ಕಪ್ಪು ಎತ್ತಿಕೊಂಡಳು. ಕಾಳವ್ವ ಎದೆ ಬಡಿದುಕೊಂಡಳು. ಇಟ್ಟ ಎಡೆ ಎತ್ತಿದರೆ ವಂಶಕ್ಕೆ ಕೇಡು ಎಂದಳು.

"ಅಪ್ಪ ಯಾವತ್ತರೆ ಮೊದಲ ಕುಡದಾನೇನ ಅತ್ತಿ?" ರಾಜೇಶ್ವರಿ ಅಂದಳು. "ನಾವೆಲ್ಲಾ ಅಂವ ಕುಡೀಲಿ ಅಂತ ಉಪಾಸ ಕುಂತೇವಿ. ಅಂವ ನಾವು ಕುಡೀಲಿ ಅಂತ ನಿಂತಾನ."

ಕೆನೆಗಟ್ಟಿದ ಕಾಫಿಯನ್ನು ಚೆಲ್ಲಿ, ಕ್ಯಾನಿನಲ್ಲಿ ಉಳಿದಿದ್ದ ಹಾಲು ಉಕ್ಕಿಸಿ ಬಿಸಿ ಕಾಫಿ ಬೆರೆಸಿ, ಗೈಬುಸಾಬನ ಮುಖ ನೋಡಿ ಸಕ್ಕರೆ ಒಂದು ಕೈ ಹೆಚ್ಚು ಹಾಕಿ ಕೊಟ್ಟಳು. ಅವನು ಗದ್ದುಗೆಯ ಕಡೆ ನೋಡಿದ, ಅವಳ ಕಡೆ ನೋಡಿದ. "ಶಂಕ್ರಣ್ಣಾ, ಕುಡೀತೇನಪಾ," ಎಂದು ಮೆಲ್ಲಗೆ ಹೇಳಿ ಕುಡಿದ. ತಳದ ತನಕ ಕುಡಿದ. ಆಮೇಲೆ ಅವ್ವನಿಗೆ ಹಾಲು ಹೆಚ್ಚು ಹಾಕಿ ಕೊಟ್ಟಳು. ರುದ್ರವ್ವ ಎರಡೂ ಕೈಯಲ್ಲಿ ಕಪ್ಪು ಹಿಡಿದು ಕುಡಿದಳು. ಬೈಯುತ್ತಲೇ ಕಾಳವ್ವನೂ ಕುಡಿದಳು. ಯಾರ ಕಪ್ಪಿನಲ್ಲೂ ಅರ್ಧ ಉಳಿಯಲಿಲ್ಲ. ಕೊನೆಗೆ ರಾಜೇಶ್ವರಿ ಹಿಂಡಿದ ಪುಡಿಗೆ ನೀರು ಹೊಯ್ದಳು, ಪಾತ್ರೆಯ ತಳದ ಹಾಲು ಕೆರೆದಳು, ಆ ಚರಟವನ್ನು ಅಪ್ಪನ ಕಪ್ಪಿಗೆ ಬಗ್ಗಿಸಿ ಗದ್ದುಗೆಯ ಮೇಲಿಟ್ಟು ಬೆನ್ನು ತಿರುಗಿಸಿ ಬಂದಳು.

ರೆಕ್ಕೆ ಬಡಿದ ಸದ್ದಾಯಿತು. ಅದರ ಹಿಂದೆಯೇ ಟಿಣ್ ಎಂದಿತು. ತಿರುಗಿ ನೋಡಿದಾಗ ಕಾಗೆ ಹೋಳಿಗೆ ಕಚ್ಚಿಕೊಂಡು ಹಾರುತ್ತಿತ್ತು. ಕಪ್ಪು ಬಸಿಯ ನಟ್ಟನಡುವೆ ಬೋರಲಾಗಿ ಕೂತಿತ್ತು. ಕಾಗೆಯೇ ಉರುಳಿಸಿರಬೇಕು ಎನ್ನುವವರು ಎನ್ನಲಿ. ಉರುಳಿದ ಕಪ್ಪಿನ ಕಾಫಿ ಎಲ್ಲಾದರೂ ಚೆಲ್ಲಬೇಕಲ್ಲ, ಬಸಿ ಒಣಗಿತ್ತು, ಮಣ್ಣೂ ಒಣಗಿತ್ತು. ಗೈಬುಸಾಬ ತಲೆಯ ಮೇಲೆ ಟವೆಲ್ಲು ಹೊದ್ದುಕೊಂಡ.

ಅಂದು ರುದ್ರವ್ವ ಒಂದೂವರೆ ಹೋಳಿಗೆ ಉಂಡಳು.

ಮರುದಿನ ನಸುಕಿಗೆ ರಾಜೇಶ್ವರಿಗೆ ಎಚ್ಚರವಾಯಿತು. ಅಲ್ಲಾಡದೆ ಮಲಗಿ ಕಾದಳು. ಗುಡಿಯ ಗಂಟೆ ಮೊಳಗಿತು, ಓಣಿಯಲ್ಲಿ ಯಾರೋ ಕಸ ಗುಡಿಸಿದರು, ಕಿಟಕಿಯಲ್ಲಿ ಬೆಳಕು ಬಂತು. ವಾಸನೆ ಬರಲಿಲ್ಲ. ಅಷ್ಟು ತಿಂಗಳು ಹೆದರಿ, ಹೋಗಲಿ ಹೋಗಲಿ ಎಂದು ಬೇಡಿಕೊಂಡವಳು ಈಗ ಮೂಗರಳಿಸಿ ಗಾಳಿಯನ್ನೆಲ್ಲ ಹುಡುಕಿದಳು.

ಪಕ್ಕದ ಹಾಸಿಗೆಯಿಂದ ರುದ್ರವ್ವ ಕೇಳಿದಳು: "ಬಂತೇನು?"

"ಇಲ್ಲ ಯವ್ವಾ."

"ಕುಡದ ಹೋದ ಬಿಡು," ಎಂದಳು ರುದ್ರವ್ವ. ಮಗಳ ಕೈ ಹುಡುಕಿ ಹಿಡಿದುಕೊಂಡು, ವರ್ಷದಿಂದ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು.